ಮುಚ್ಚಳ ಬಿದ್ದ ಜಾಗ

ಮೊದಲೇ ಸ್ಪಷ್ಟಪಡಿಸುತ್ತೇನೆ: ಡ್ರಮ್ಮು ಹೊಸದು. ಹಳೆಯ ಡ್ರಮ್ಮಿನಲ್ಲಿ ಎಣ್ಣೆಯೋ ಔಷಧವೋ ಇದ್ದಿರುತ್ತದೆ, ಅದಕ್ಕೆ ಬೆಂಕಿ ಹಚ್ಚುವುದು ಅಪಾಯ ಎಂಬಷ್ಟು ತಿಳಿವಳಿಕೆ ನನಗಿದೆ. ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುವವನು. ಆದ್ದರಿಂದ ಜಮಖಂಡಿಯ ಪೇಟೆಗೆ ಹೋಗಿ, ಗಾಳಿಯ ಹೊರತು ಹೊಟ್ಟೆಯಲ್ಲಿ ಏನನ್ನೂ ಕಾಣದ ಹೊಚ್ಚಹೊಸ ಉಕ್ಕಿನ ಡ್ರಮ್ಮನ್ನೇ ಆರಿಸಿದೆ. ಇಷ್ಟೊಂದು ಎಚ್ಚರಿಕೆ ವಹಿಸಿದ ಮನುಷ್ಯನ ಅಂಗಳದಲ್ಲೇ ಆ ಡ್ರಮ್ಮಿನ ಮುಚ್ಚಳ ಬೇವಿನ ಮರಕ್ಕಿಂತ ಎತ್ತರ ಹಾರಿ, ನಮ್ಮವ್ವ ದಿನಾ ಕೂರುವ ಕಟ್ಟೆಯ ಮೇಲೆ ಬಿತ್ತು. ಅದು ಬಿದ್ದ ಜಾಗಕ್ಕೂ ಅವ್ವ ನಿಂತಿದ್ದ ಜಾಗಕ್ಕೂ ಮೂರೂವರೆ ಅಡಿ. ಟೇಪು ಹಿಡಿದು ಅಳೆದಿದ್ದೇನೆ. ನಾಲ್ಕು ಸಲ!

ಇದೆಲ್ಲ ಶುರುವಾದದ್ದು ಮುತ್ತಪ್ಪ ಮಾವನಿಂದ. ಮಾವ ಅಂದರೆ ಅವ್ವನ ತಮ್ಮ. ಲೋಕಾಪುರದ ಕಡೆಯವನು, ಕುರಿ ಸಾಕಿಕೊಂಡಿರುವವನು. ಭಾನುವಾರ ಮಹಾಲಿಂಗಪುರಕ್ಕೆ ನಮ್ಮ ಮನೆಗೆ ಬರುವುದಾಗಿಯೂ, ಬರುವಾಗ ಕುರಿಯ ತೊಡೆ ತರುವುದಾಗಿಯೂ ಫೋನು ಮಾಡಿದ್ದ. ಅದೇ ವಾರ ನಾನು ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದ್ದೆ. ಡ್ರಮ್ಮಿನ ತಳದಲ್ಲಿ ಕೆಂಡ, ಮೇಲೊಂದು ಜಾಳಿಗೆ, ಅದರ ಮೇಲೆ ಮಾಂಸ. ಹೊಗೆಯಲ್ಲೇ ತಾಸುಗಟ್ಟಲೆ ಬೇಯುತ್ತದೆ. ಮಾವನಿಗೆ ಹೇಳಿಯೇಬಿಟ್ಟೆ.

"ಮಾವಾ, ಈ ಸಲ ಹೊಗಿಯೊಳಗ ಬೇಯಿಸಿದ ಮಾಂಸ ತಿನಸ್ತೀನಿ ನಿನಗ."

"ಕುರಿ ಹಿಂದ ಅಡ್ಡ್ಯಾಡುವಾಗ ನಾವು ತಿನ್ನೋದು ಅದನ್ನ ಅಲ್ಲೇನೋ? ಮೂರು ಕಲ್ಲು ಇಟ್ರ ಆತು. ಅದಕ್ಕ್ಯಾಕ ಡ್ರಮ್?"

ಓದದವರ ಮಾತು ಎಂದು ಮನಸ್ಸಿನಲ್ಲೇ ಕ್ಷಮಿಸಿದೆ.

ಹೊಸ ಡ್ರಮ್ಮಿನ ಒಳಮೈಗೆ ತುಕ್ಕು ಹಿಡಿಯದಿರಲೆಂದು ಒಂದು ಬಣ್ಣದ ಲೇಪ ಹಚ್ಚಿರುತ್ತಾರೆ. ಅಡುಗೆಗೆ ಬಳಸುವ ಮುನ್ನ ಅದನ್ನು ಸುಟ್ಟು ತೆಗೆಯಬೇಕು. ಇದು ವಿಡಿಯೊದಲ್ಲಿ ತೋರಿಸಿದ ಮೊದಲ ಕೆಲಸ. ಹೇಗೆ ಸುಡಬೇಕೆಂದೂ ಆತ ವಿವರವಾಗಿ ಹೇಳಿರಬೇಕು. ಆದರೆ ನಾನು ಅದನ್ನು ನೋಡಿದ್ದು ಕಾಲೇಜಿನ ಸ್ಟಾಫ್ ರೂಮಿನಲ್ಲಿ. ಪಕ್ಕದಲ್ಲಿ ಕೂತವರು ಮಾಂಸ ತಿನ್ನದವರು. ಅವರಿಗೆ ಮುಜುಗರವಾಗಬಾರದೆಂದು ದನಿ ಪೂರ್ತಿ ಬಂದ್ ಮಾಡಿದ್ದೆ! ಬೆಂಕಿ ಕಂಡಿತು, ಡ್ರಮ್ಮು ಕಂಡಿತು. ಉಳಿದದ್ದು ನನ್ನ ವಿದ್ಯೆಗೆ ಬಿಟ್ಟದ್ದು ಎಂದುಕೊಂಡೆ.

ಶುಕ್ರವಾರ ಮಧ್ಯಾಹ್ನ ಡ್ರಮ್ಮು ಮನೆ ಮುಂದೆ ಇಳಿಯಿತು. ನನ್ನ ಹೆಂಡತಿ ರೇಣುಕಾ ಹೊರಗೆ ಬಂದು ನೋಡಿದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಮದುವೆಯ ಫೋಟೊದಲ್ಲೂ ಕಂಡಿಲ್ಲ.

"ಅಂತೂ ನೆನಪಾತೇನ್ರೀ ನಿಮಗ! ಒಂದ್ ವರ್ಷ ಆತು, ಇಲಿ ಚೀಲಾ ಕಡಿತಾವು, ಜ್ವಾಳಕ್ಕೊಂದು ಡ್ರಮ್ ತರ‍್ರಿ ಅಂತ ಬಡಕೊಳ್ಳಾಕತ್ತಿದ್ದೆ."

ಆ ಕ್ಷಣದಲ್ಲಿ ಒಬ್ಬ ಪ್ರಾಮಾಣಿಕ ಗಂಡ, "ಇದು ಜೋಳಕ್ಕಲ್ಲ, ಮಾಂಸಕ್ಕೆ" ಎಂದು ಹೇಳುತ್ತಿದ್ದ. ನಾನು, "ಹೂಂ, ಗಟ್ಟಿ ಐತಿ ನೋಡು" ಎಂದೆ. ಭಾನುವಾರ ಮಾಂಸದ ರುಚಿ ನೋಡಿದ ಮೇಲೆ ಅವಳೇ ಒಪ್ಪಿಕೊಳ್ಳುತ್ತಾಳೆಂಬ ಲೆಕ್ಕ ನನ್ನದು. ಅಂದು ಸಂಜೆ ಜಾಳಿಗೆ ಮಾಡಿಸಲು ವೆಲ್ಡಿಂಗ್ ಅಂಗಡಿಗೆ ಹೋದೆ. ನಾನಿಲ್ಲದ ಆ ಒಂದು ತಾಸಿನಲ್ಲಿ ಮನೆಯಲ್ಲಿ ಏನು ನಡೆಯಿತೆಂಬುದು ನನಗೆ ತಿಳಿದದ್ದು ಆಕಾಶದಿಂದ. ಅದನ್ನು ಆಮೇಲೆ ಹೇಳುತ್ತೇನೆ.

ಭಾನುವಾರ ಬೆಳಿಗ್ಗೆ ರೇಣುಕಾ ಹಿಟ್ಟಿನ ಗಿರಣಿಗೆ ಹೋದಳು. ಅವ್ವ ಕಟ್ಟೆಯ ಮೇಲೆ ಕೂತು, ಹೊಸ ಡ್ರಮ್ಮಿಗೆ ತುಂಬಲೆಂದೇ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಅಂಗಳದ ನಡುವೆ ಮೂರು ಕಲ್ಲಿಟ್ಟು ಡ್ರಮ್ಮನ್ನು ಕೂರಿಸಿದೆ. ಹೌದು, ಮಾವ ಹೇಳಿದ ಅದೇ ಮೂರು ಕಲ್ಲು!

ಈಗ ಮುಚ್ಚಳದ ಪ್ರಶ್ನೆ. ಬಣ್ಣ ಸುಟ್ಟರೆ ಕೆಟ್ಟ ಹೊಗೆ ಏಳುತ್ತದೆ. ಗೋಡೆಯಾಚೆ ಗುರುಸಿದ್ದಪ್ಪ ಕಾಕಾನ ಮನೆ. ದಿನಾ ಪೂಜೆ ಮಾಡಿಯೇ ಚಹಾ ಕುಡಿಯುವ ಮನುಷ್ಯ. ಇಪ್ಪತ್ತು ವರ್ಷದಿಂದ ನಮ್ಮ ಒಗ್ಗರಣೆಯ ವಾಸನೆಗೆ ಒಂದು ದಿನವೂ ಮುಖ ಸಿಂಡರಿಸಿದವರಲ್ಲ. ಅಂಥವರಿಗೆ ನನ್ನ ಹೊಗೆಯ ಕಾಟ ಬೇಡವೆಂದು, ಮುಚ್ಚಳದ ಸುತ್ತಲಿನ ಕಬ್ಬಿಣದ ಪಟ್ಟಿ ಭದ್ರವಾಗಿದೆಯೇ ಎಂದು ನೋಡಿದೆ. ಕೊಂಚ ಸಡಿಲವಿತ್ತು. ಸುತ್ತಿಗೆಯಿಂದ ಬಡಿದು ಬಿಗಿ ಮಾಡಿದೆ. ಸೌಜನ್ಯಕ್ಕೂ ಒಂದು ಮಿತಿ ಇರಬೇಕು.

"ಏನ್ ಮಾಡಾಕತ್ತೀಯೋ ಬೀರಾ?" ಅವ್ವ ಕೇಳಿದಳು.

"ಡ್ರಮ್ ಕಾಸಾಕತ್ತೀನಬೇ. ಕಾಸಿದ್ರ ಜ್ವಾಳಕ್ಕ ಹುಳಾ ಹತ್ತಂಗಿಲ್ಲ."

"ಹಂಗೇನು? ಆದರ ಅದರೊಳಗ..."

"ಒಳಗ ಏನೈತಿ ಅಂತ ನನಗ ಗೊತ್ತೈತಬೇ. ನಾ ಸೈನ್ಸ್ ಓದೀನಿ!"

"ಗೊತ್ತಿದ್ರ ಆತು ಬಿಡಪಾ," ಎಂದು ಅವ್ವ ಮೊರ ಹಿಡಿದು ಕೇರತೊಡಗಿದಳು.

ಕೆಳಗೆ ಕಬ್ಬಿನ ಒಣಸೋಗೆಯ ರವದಿ ತುರುಕಿ, ಹತ್ತಿಕಟ್ಟಿಗೆ ಒಟ್ಟಿ, ಕಡ್ಡಿ ಗೀರಿದೆ. ಬೆಂಕಿ ಭಗ್ಗೆಂದು ಹತ್ತಿತು. ಡ್ರಮ್ಮಿನೊಳಗಿನ ಬಣ್ಣದ ಹೊಗೆ ಹೊರಗೆ ಬರುತ್ತಿರಲಿಲ್ಲ. ಹೆಮ್ಮೆಯಾಯಿತು. ಸ್ವಲ್ಪ ಹೊತ್ತಿಗೆ ಡ್ರಮ್ಮು ಟಣ್ ಎಂದಿತು. ಮತ್ತೊಮ್ಮೆ, ಟಣ್.

"ಯಾರೋ ಒಳಗಿಂದ ಬಾಗಲಾ ಬಡದಾಂಗ ಆಗಾಕತ್ತೈತಲ್ಲೋ!"

"ಲೋಹ ಕಾದ್ರ ಹಿಗ್ಗತೈತಬೇ. ಅಷ್ಟ."

"ಮುಚ್ಚಳಾನೂ ಹಿಗ್ಗಾಕತ್ತೈತಿ ನೋಡು. ರೊಟ್ಟಿ ಉಬ್ಬಿದಾಂಗ ಉಬ್ಬೈತಿ."

ನೋಡಿದೆ. ಉಬ್ಬಿತ್ತು. ಮುಚ್ಚಿದ ಪಾತ್ರೆಯಲ್ಲಿ ಗಾಳಿ ಕಾದರೆ ಒತ್ತಡ ಏರುತ್ತದೆ ಎಂದು ಹನ್ನೊಂದು ವರ್ಷದಿಂದ ಹಲಗೆಯ ಮೇಲೆ ಬರೆದವನು ನಾನು. ಆ ವಾಕ್ಯ ಆಗ ನೆನಪಾಗಲಿಲ್ಲ. ಮುಖ ಮುಂದೆ ಮಾಡಿ ಮುಚ್ಚಳದ ಮೇಲೆ ಬಗ್ಗಿದೆ. ಬಗ್ಗಿ, ಬೆರಳಿನಿಂದ ತಟ್ಟಿಯೂ ನೋಡಿದೆ! ಈಗ ಊಟಕ್ಕೆ ಕೂತಾಗ, ಬಸ್ಸಿಗೆ ಕಾಯುವಾಗ, ಪಾಠದ ನಡುವೆ, ನನಗೆ ಕಾಣುವುದು ಈ ಒಂದೇ ಚಿತ್ರ: ಡ್ರಮ್ಮಿನ ಮೇಲೆ ಬಗ್ಗಿದ ನನ್ನ ಮುಖ.

ಆಗ ಮಾವನ ಫೋನು ಬಂತು. ಅಂಗಳದಲ್ಲಿ ಸಿಗ್ನಲ್ ಸರಿಯಾಗಿ ಹತ್ತುವುದಿಲ್ಲ. ಬಾಗಿಲ ಕಡೆ ನಡೆದೆ. ಅದೇ ಹೊತ್ತಿಗೆ ನಮ್ಮ ಕೆಂಪು ಕೋಳಿ ಬಂದು ಹಸನು ಮಾಡಿದ ಜೋಳಕ್ಕೆ ಬಾಯಿ ಹಾಕಿತು. ಮಾಂಸ ಸಾಲದಿದ್ದರೆ ಇರಲಿ ಎಂದು ಅಂದೇ ಸಾರಿಗೆ ಗೊತ್ತು ಮಾಡಿಟ್ಟಿದ್ದ ಕೋಳಿ ಅದು. "ಹುಶ್! ನಿನ್ನ ಬಾಯಾಗ ಮಣ್ಣ ಹಾಕ," ಎಂದು ಅವ್ವ ಮೊರವನ್ನು ಕಟ್ಟೆಯ ಮೇಲಿಟ್ಟು, ಕೋಲು ಹಿಡಿದು ಅದರ ಬೆನ್ನು ಹತ್ತಿದಳು.

"ಬೀರಪ್ಪಾ, ಬಸ್ ಸ್ಟ್ಯಾಂಡಿನ್ಯಾಗ ಇಳದೀನಿ," ಎಂದ ಮಾವ.

"ಬಾ ಮಾವಾ, ಎಲ್ಲಾ ತಯ್ಯಾರ್..."

ಢಂ!

ಮೊದಲು ಕಿವಿ ಹೋಯಿತು. ಬೇವಿನ ಮರದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಬೂದಿ, ಕೆಂಡ, ಹೊಗೆ. ಮೇಲಿನಿಂದ ಏನೋ ತಿರುಗುತ್ತ ಇಳಿದು ಕಟ್ಟೆಗೆ ಬಡಿದದ್ದು ಕಂಡಿತು. ಅವ್ವ ಕಾಣಲಿಲ್ಲ. "ಅವ್ವಾ!" ಎಂದು ಕೂಗಿದೆ. ನನ್ನ ದನಿ ನನಗೇ ಕೇಳಲಿಲ್ಲ. ಹೊಗೆ ಸರಿಯುವವರೆಗೆ ಎಷ್ಟು ಹೊತ್ತಾಯಿತೋ, ಅಷ್ಟು ಹೊತ್ತು ನಾನು ಯಾರ ಮಗನೂ ಆಗಿರಲಿಲ್ಲ.

ಹೊಗೆ ಸರಿಯಿತು. ಅವ್ವ ಕೋಲು ಎತ್ತಿದಂತೆಯೇ ನಿಂತಿದ್ದಳು. ಕೋಳಿಯೂ ನಿಂತಿತ್ತು. ಕಟ್ಟೆಯ ಮೇಲಿನ ಮೊರ ಎರಡು ಹೋಳಾಗಿತ್ತು, ಅದರ ಮೇಲೆ ಮುಚ್ಚಳ ಕೂತಿತ್ತು. ಆಗ ಆಕಾಶದಿಂದ ಅಕ್ಕಿ ಸುರಿಯತೊಡಗಿತು. ಅವ್ವನ ಮೇಲೆ, ನನ್ನ ಮೇಲೆ, ಕೋಳಿಯ ಮೇಲೆ, ಮದುವೆಯಲ್ಲಿ ಅಕ್ಷತೆ ಹಾಕಿದಂತೆ! ಹಿಂದೆಯೇ ಒಂದು ಉತ್ತತ್ತಿ. ಸುಟ್ಟಂಚಿನ ಕುಬಸದ ಖಣವೊಂದು ತೇಲುತ್ತ ಹೋಗಿ ಗುರುಸಿದ್ದಪ್ಪ ಕಾಕಾನ ಬಟ್ಟೆ ಒಣಗಿಸುವ ತಂತಿಯ ಮೇಲೆ ಅಚ್ಚುಕಟ್ಟಾಗಿ ಬಿತ್ತು.

"ಡ್ರಮ್ಮಿನ್ಯಾಗ ಅಕ್ಕಿ ಎಲ್ಲಿಂದ ಬಂತು?" ಎಂದೆ, ಕಿವಿ ತುಸು ತೆರೆದ ಮೇಲೆ.

"ಡ್ರಮ್ಮಿಗೆ ಉಡಿ ತುಂಬಿತ್ತಲ್ಲೋ!" ಅವ್ವ ಎತ್ತಿದ ಕೋಲನ್ನು ಇನ್ನೂ ಇಳಿಸಿರಲಿಲ್ಲ. "ಕಾಳು ತುಂಬೋ ಹೊಸಾ ಡ್ರಮ್ ಬರೇದ ಇಡಬಾರದಂತ ಶುಕ್ರವಾರ ಸಂಜಿಕ ರೇಣುಕಾ ಅಕ್ಕಿ, ಖಣಾ, ತೆಂಗಿನಕಾಯಿ ಇಟ್ಟು ಮುಚ್ಚಿದ್ಳು. ಹೇಳಾಕ ಬಂದೆ. ಸೈನ್ಸ್ ಓದೀನಿ ಅಂದಿ."

ತೆಂಗಿನಕಾಯಿ! ನೀರು ತುಂಬಿದ ಇಡೀ ತೆಂಗಿನಕಾಯಿ, ಮುಚ್ಚಿದ ಡ್ರಮ್ಮಿನಲ್ಲಿ, ಸುತ್ತಿಗೆಯಿಂದ ಬಡಿದ ಪಟ್ಟಿಯ ಕೆಳಗೆ. ಗಾಳಿಯೊಂದೇ ಸಾಲದೆಂದು ಅದೂ ಒಳಗೆ ಕೂತು ಸಿಡಿದಿತ್ತು.

ಗುರುಸಿದ್ದಪ್ಪ ಕಾಕಾ ಖಣ ಹಿಡಿದುಕೊಂಡು ಓಡಿ ಬಂದರು. "ಸರ, ಯಾರಿಗೂ ಏನೂ ಆಗಿಲ್ಲಲ್ರೀ?"

"ನಿಮಗ ಹೊಗಿ ಬರಬಾರದಂತ ಮುಚ್ಚಿದ್ದೆ ಕಾಕಾ..."

ಕಾಕಾ ಮುಚ್ಚಳ ನೋಡಿದರು, ಹೋಳಾದ ಮೊರ ನೋಡಿದರು. "ಹೊಗಿ ಬಂದ್ರ ಬರ‍್ಲಿ ಬಿಡ್ರಿ ಸರ. ನಾವು ಕಿಡಕಿ ಹಾಕ್ಕೋತೀವಿ. ನೀವು ಮಾತ್ರ ಮುಚ್ಚಳಾ ಹಾಕಬ್ಯಾಡ್ರಿ."

ಅಷ್ಟರಲ್ಲಿ ರೇಣುಕಾ ಹಿಟ್ಟಿನ ಡಬ್ಬಿಯೊಂದಿಗೆ ಬಂದಳು.

"ಜ್ವಾಳದ ಡ್ರಮ್ಮಿಗೆ ಯಾರರ ಬೆಂಕಿ ಹಚ್ತಾರೇನ್ರೀ?"

ನನಗೆ ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. ವಿಡಿಯೊ, ಮಾವ, ಜಾಳಿಗೆ ಎಲ್ಲವನ್ನೂ ಒಪ್ಪಿಸಿದೆ.

"ಅಂದ್ರ ಇದು ಜ್ವಾಳಕ್ಕ ತಂದಿದ್ದಲ್ಲ?"

ನಾನು ಬಗ್ಗಿ ಅಂಗಳದ ಅಕ್ಕಿ ಆರಿಸತೊಡಗಿದೆ. ಅವಳು ಹಿಟ್ಟಿನ ಡಬ್ಬಿಯನ್ನು ಕಟ್ಟೆಯ ಮೇಲೆ ಕುಕ್ಕಿ ಒಳಗೆ ಹೋದಳು. ಮೊದಲ ಸ್ಫೋಟವೇ ಲೇಸಿತ್ತು!

ಮಾವ ಬಂದ. ಅದೇ ಮೂರು ಕಲ್ಲಿನ ಮೇಲೆ, ಅದೇ ಕೆಂಡದಲ್ಲಿ, ತಾನೇ ಮಾಂಸ ಸುಟ್ಟ. ಬೂದಿಯಲ್ಲಿ ಸಿಕ್ಕ ತೆಂಗಿನ ಹೋಳೊಂದನ್ನು ಒರೆಸಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, "ಛಲೋ ಹೊಗಿ ಹಿಡದೈತಿ," ಎಂದ. ನನ್ನ ಯಂತ್ರದಲ್ಲಿ ಹೊಗೆ ಹಿಡಿದು ಬೆಂದದ್ದು ಅದೊಂದೇ.

ಡ್ರಮ್ಮಿಗೆ ಈಗ ಜೋಳ ತುಂಬಿದೆ. ಮುಚ್ಚಳ ಸೊಟ್ಟಗಾದ್ದರಿಂದ ಮೇಲೊಂದು ಹಲಗೆ, ಹಲಗೆಯ ಮೇಲೆ ಕಲ್ಲು. ಕೋಳಿಗೆ ಅವ್ವ ಜೀವದಾನ ಕೊಟ್ಟಿದ್ದಾಳೆ. ಕಟ್ಟೆಯ ಮೇಲೆ ಅವಳ ಪಕ್ಕದಲ್ಲೇ ಕೂತು ಜೋಳ ತಿನ್ನುತ್ತದೆ, ಯಾರೂ ಹುಶ್ ಎನ್ನುವಂತಿಲ್ಲ. ನನಗೆ ಮಾತ್ರ ಕುಕ್ಕರ್ ಸೀಟಿ ಹೊಡೆದರೂ ಕಾಲು ಅಂಗಳಕ್ಕೆ ಓಡುತ್ತದೆ. ಅಲ್ಲಿ ಅವ್ವ ಇದ್ದಾಳೆಂದು ನೋಡಿಯೇ ಒಳಗೆ ಬರುತ್ತೇನೆ.

ನಿನ್ನೆ ಬೆಳಿಗ್ಗೆ ಎಲ್ಲರಿಗೂ ಚಹಾ ಮಾಡೋಣವೆಂದು ಗ್ಯಾಸ್ ಒಲೆಯ ಮುಂದೆ ನಿಂತೆ. ಪಾತ್ರೆಗೆ ಮುಚ್ಚಳವನ್ನೂ ಇಟ್ಟಿರಲಿಲ್ಲ. ಹೊರಗಿನಿಂದ ಅವ್ವನ ದನಿ ಕೇಳಿತು.

"ಏ ರೇಣುಕಾ, ಒಳಗ ಯಾರು ಒಲಿ ಹಚ್ಚಾಕತ್ತಾರ?"

"ನಿಮ್ಮ ಮಗಾರೀ ಅತ್ತಿ."

ಇಣುಕಿ ನೋಡಿದೆ. ಅವ್ವ ಹೊಸ ಮೊರವನ್ನು ಬಗಲಲ್ಲಿ ಹಿಡಿದುಕೊಂಡು ಗುರುಸಿದ್ದಪ್ಪ ಕಾಕಾನ ಮನೆಯ ಕಡೆ ಬಿರಬಿರನೆ ಹೊರಟಿದ್ದಳು. ಅವಳ ಹಿಂದೆ ಕೋಳಿ!