ಗೋಲ್‌ಕೀಪರ್ ಭಾವನ ಗಾಜಿನ ಅಂಗಡಿ

ಇವತ್ತು ಬೆಳಿಗ್ಗೆ ನೀರುದೋಸೆಗೆ ಅಕ್ಕಿ ರುಬ್ಬಿದೆ, ಬಸಳೆ ಬಳ್ಳಿಗೆ ನೀರು ಹೊಯ್ದೆ, ಬಟ್ಟೆ ಒಣಗಿಸಿದೆ, ಉರ್ವ ಮಾರ್ಕೆಟಿನಿಂದ ಬಂಗುಡೆ ಮೀನು ತಂದು ಅಕ್ಕನ ಫ್ರಿಜ್ಜಿನಲ್ಲಿಟ್ಟೆ, ಆಮೇಲೆ ಭಾವನ ಅಂಗಡಿಗೆ ಹೋಗಿ ಎರಡು ಕಪಾಟಿನ ಲೋಟ ಒರೆಸಿದೆ. ಹನ್ನೊಂದು ಗಂಟೆಗೆ ಭಾವ ಗಾಳಿಯಲ್ಲಿ ಹಾರಿದರು.

ಹೌದು, ಹಾರಿದರು. ಅರವತ್ತೆರಡನೆಯ ವಯಸ್ಸಿನಲ್ಲಿ! ನಮ್ಮ ಭಾವನಂಥ ವ್ಯಾಪಾರಿ ಮಂಗಳೂರಿನಲ್ಲಿ ಇನ್ನೊಬ್ಬರಿಲ್ಲ. ಇದ್ದಿದ್ದರೆ ಊರಿನ ವ್ಯಾಪಾರವೇ ಎಂದೋ ನಿಂತುಹೋಗುತ್ತಿತ್ತು.

ನನ್ನ ಅಕ್ಕನ ಗಂಡ ಇವರು. ಒಂದು ಕಾಲದಲ್ಲಿ ರಾಜ್ಯ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಬೋಳಾರದ ಕಡೆ ಈಗಲೂ ಮುದುಕರು ಬಸ್ಸಿನಲ್ಲಿ ಇವರಿಗೆ ಸೀಟು ಬಿಟ್ಟುಕೊಡುತ್ತಾರೆ, ತಾವೇ ನೆಟ್ಟಗೆ ನಿಲ್ಲಲಾರದವರು! ಆದರೆ ಆಟ ಬಿಟ್ಟ ವರ್ಷ ಗೋಡೆಗೆ ಮುಖ ಮಾಡಿ ಮಲಗಿದ ಭಾವ ಆರು ತಿಂಗಳು ಸರಿಯಾಗಿ ಏಳಲಿಲ್ಲ. ಅಕ್ಕ ಅದನ್ನು ಇನ್ನೂ ಮರೆತಿಲ್ಲ.

ಕೊನೆಗೆ ಎದ್ದವರು ಐಸ್‌ಕ್ರೀಮ್ ಪಾರ್ಲರ್ ಹಾಕಿದರು. ಸಂಜೆ ಜನ ತುಂಬಿ ತುಳುಕುವಾಗ ಸರಿಯಾಗಿ ನಲವತ್ತೈದು ನಿಮಿಷಕ್ಕೆ ವಿಸಿಲ್ ಊದಿ ಶಟರ್ ಎಳೆಯುತ್ತಿದ್ದರು. ಹಾಫ್ ಟೈಮ್!

"ಎಂತ ಮಾರಾಯ್ರೆ, ಗಡ್‌ಬಡ್ ಐಸ್‌ಕ್ರೀಮ್ ಹೇಳಿ ಎಷ್ಟು ಹೊತ್ತಾಯ್ತು!"

"ವಿಸಿಲ್ ಆದ ಮೇಲೆ ಮುಗಿಯಿತು. ರೆಫ್ರಿ ಎದುರು ನಾನು ಒಂದು ದಿನವೂ ಬಾಯಿ ಬಿಟ್ಟವನಲ್ಲ. ನೀವೂ ಬಿಡಬೇಡಿ."

ಹದಿನೈದು ನಿಮಿಷ ಬಿಟ್ಟು ಶಟರ್ ಎತ್ತಿದರೆ ಹೊರಗೆ ಒಂದು ನಾಯಿ ಮಾತ್ರ. ಎರಡನೆಯ ಮಳೆಗಾಲ ಕಾಣುವ ಮೊದಲೇ ಪಾರ್ಲರ್ ಕರಗಿತು.

ಆಮೇಲೆ ಈ ಗಾಜು ಪಿಂಗಾಣಿ ಅಂಗಡಿ. ಗೋಲ್‌ಕೀಪರನ ಕೆಲಸವೇನು? ಬಂದದ್ದನ್ನು ತಡೆಯುವುದು. ವ್ಯಾಪಾರಿಯ ಕೆಲಸ? ಹೋಗುವುದನ್ನು ಹೋಗಲು ಬಿಡುವುದು! ಗಿರಾಕಿ ಜಗ್ಗು ಹಿಡಿದು ಬಾಗಿಲ ಕಡೆ ತಿರುಗಿದರೆ ಸಾಕು, ಭಾವ ತಮಗರಿವಿಲ್ಲದೆ ಎರಡೂ ಕೈ ಚಾಚಿ ಅಡ್ಡ ನಿಂತುಬಿಡುತ್ತಾರೆ.

"ದುಡ್ಡು ಕೊಟ್ಟಾಯ್ತಲ್ಲ ಅಣ್ಣಾ!"

"ಗೊತ್ತುಂಟಮ್ಮಾ. ಅಭ್ಯಾಸ."

ಗಲ್ಲಾಪೆಟ್ಟಿಗೆಯ ಮೇಲೆ ಒಂದು ಸ್ಲೇಟು ತೂಗುತ್ತದೆ: 'ಒಡೆದದ್ದು ೦'. ಇಪ್ಪತ್ತೆರಡು ವರ್ಷದಿಂದ ಅದೇ ಸೊನ್ನೆ. ಕೈಜಾರಿದ ಕಪ್ಪು, ಸಾಸರು, ಉಪ್ಪಿನಕಾಯಿ ಭರಣಿ ಯಾವುದನ್ನೂ ಭಾವ ನೆಲ ಮುಟ್ಟಲು ಬಿಟ್ಟಿಲ್ಲ. "ಒಂದು ಒಡೆದ ದಿನ ಶಟರ್ ಎಳೆದು ನಾನು ಮನೆಗೆ" ಎಂದು ಶಪಥ ಬೇರೆ. ಕೇಳಿದವರೆಲ್ಲ ನಗುತ್ತಾರೆ. ಅಕ್ಕ ನಗುವುದಿಲ್ಲ. ಅವಳಿಗೆ ಆ ಆರು ತಿಂಗಳ ಗೋಡೆ ಕಾಣುತ್ತದೆ.

ಇವತ್ತು ಕಾಟಿಪಳ್ಳದಿಂದ ಮಗಳ ಮದುವೆ ಸಾಮಾನಿಗೆಂದು ಬಂದ ಹೆಂಗಸೊಬ್ಬರು ಗಾಜಿನ ಬೋಗುಣಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಜಾರಿತು. ಭಾವ ಹಾರಿದರು. ಬೆರಳ ತುದಿ ತಾಗಿತು, ಅಷ್ಟೇ. ಛಳ್!

ಭಾವ ನೆಲದಲ್ಲೇ ಕುಳಿತು ತಮ್ಮ ಬಲಗೈಯನ್ನು ನೋಡಿದರು, ಅದು ಯಾರದೋ ಕೈ ಎಂಬಂತೆ. ಮತ್ತೆ ಎದ್ದರು, ಚಾಕ್ ತೆಗೆದುಕೊಂಡರು, ಸೊನ್ನೆ ಒರೆಸಲು ಕೈ ಎತ್ತಿದರು.

ಪೀಽಽಪ್!

ಗಲ್ಲಾದಲ್ಲಿ ಕುಳಿತಿದ್ದ ಅಕ್ಕ! ಮೊಳೆಯಲ್ಲಿ ತೂಗುತ್ತಿದ್ದ ಭಾವನ ಹಳೇ ವಿಸಿಲ್ ಬಾಯಲ್ಲಿ, ಸೆರಗು ಬಾವುಟದಂತೆ ಮೇಲೆ.

"ಆಫ್‌ಸೈಡ್! ಗೋಲ್ ಇಲ್ಲ!"

"ಆಫ್‌ಸೈಡಾ? ಹಾಗಂದ್ರೆ ಎಂತ ಅಂತ ನಿನಗೆ ಗೊತ್ತುಂಟಾ?"

"ಅವರು ಹೊಸ್ತಿಲು ದಾಟಿ ಆಗಿತ್ತು. ಹೊರಗೆ ಒಡೆದದ್ದು ನಮಗೆ ಲೆಕ್ಕಕ್ಕಿಲ್ಲ."

"ಹಾಗೆಲ್ಲ ರೂಲ್ ಇಲ್ಲ ಮಾರಾಯ್ತಿ!"

"ವಿಸಿಲ್ ಆಯ್ತು. ರೆಫ್ರಿ ಹತ್ರ ಬಾಯಿ ಬಿಡ್ತೀರಾ ನೀವು?"

ಭಾವ ಕಾಟಿಪಳ್ಳದವರ ಮುಖ ನೋಡಿದರು. ಬಾಗಿಲಿಂದ ಎರಡು ಹೆಜ್ಜೆ ಒಳಗೇ ನಿಂತಿದ್ದ ಆ ಪುಣ್ಯಾತ್ಗಿತ್ತಿ, "ನಾನು ಹೊರಗೇ ಇದ್ದದ್ದು ಅಣ್ಣಾ" ಎಂದುಬಿಟ್ಟರು!

ಬಿಟ್ಟ ಬಾಯಿಯನ್ನು ಭಾವ ಮುಚ್ಚಿದರು. ಚಾಕ್ ಇಟ್ಟು ಪೊರಕೆ ತೆಗೆದುಕೊಂಡರು.

ಮಧ್ಯಾಹ್ನದ ಹಾಫ್ ಟೈಮಿಗೆ ಮನೆಗೆ ಬಂದು ಕುಚ್ಚಲಕ್ಕಿ ಅನ್ನ, ಹುಳಿಖಾರದ ಬಂಗುಡೆ ಪುಳಿಮುಂಚಿ, ಬಸಳೆ ಪಲ್ಯ ಉಂಡೆವು. ಭಾವನ ಬೆರಳು ಊದಿತ್ತು. ಅಕ್ಕ ಮೀನಿನ ಮುಳ್ಳು ಬಿಡಿಸಿ ಅವರ ಬಟ್ಟಲಿಗೆ ಹಾಕುತ್ತಾ ಹೋದಳು. ಆಮೇಲೆ ಚಾಪೆ ಹಾಸಿ, ಆ ಕೈಗೆ ಎಣ್ಣೆ ತಿಕ್ಕುತ್ತಾ ಮೆಲ್ಲಗೆ ನನ್ನನ್ನು ಕೇಳಿದಳು:

"ಈ ಆಫ್‌ಸೈಡ್ ಅಂದ್ರೆ ನಿಜಕ್ಕೂ ಎಂತ ಮಾರಾಯ್ತಿ?"

"ನನಗೂ ಗೊತ್ತಿಲ್ಲ ಅಕ್ಕಾ."

ಗೊತ್ತಿದ್ದ ಭಾವ ಎಲ್ಲರಿಗಿಂತ ಮೊದಲು ನಿದ್ದೆ ಹೋಗಿದ್ದರು, ನಮ್ಮ ಕಡೆಗೆ ಮುಖ ಮಾಡಿ.