ಬೆಂಕಿಕಡ್ಡಿ ರೈಲಿನ ಮೂರನೇ ಬೋಗಿ

ಜಯನಗರ, 12-11-1962

ಇಂದ,
ಶ್ರೀಮತಿ ವಾರಿಜಾ ಸೇತುರಾಮ, ಬಿ.ಎ.,
ಮೂರನೇ ಬ್ಲಾಕು, ಜಯನಗರ, ಬೆಂಗಳೂರು.

ಗೆ,
ವ್ಯವಸ್ಥಾಪಕರು,
ವಿಮಾ ಕಂಪನಿ, ಮನೆಸಾಮಾನು ವಿಭಾಗ, ಬೆಂಗಳೂರು.

ವಿಷಯ: ಬೆಂಕಿಕಡ್ಡಿಯ ರೈಲಿಗೆ ಬೆಲೆ ಕಟ್ಟಿದ ವರದಿಯಿಂದ ನಾಲ್ಕನೇ ಅಂಶವನ್ನು ತೆಗೆಸುವ ಬಗ್ಗೆ.

ಉಲ್ಲೇಖ: ತಮ್ಮ ಕಡೆಯಿಂದ ಬೆಲೆ ಕಟ್ಟಲು ಬಂದಿದ್ದ ಶ್ರೀ ಏಕಾಂತಯ್ಯನವರ ವರದಿ, ಇಂದಿನ ಟಪಾಲಿನಲ್ಲಿ ತಲುಪಿದ್ದು.

ಮಾನ್ಯರೇ,

ಅರ್ಜಿದಾರಳು ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಅರ್ಜಿದಾರಳ ಮಾವನವರಾದ ಶ್ರೀ ಅನಂತರಾಮು, ನಿವೃತ್ತ ಸ್ಟೇಷನ್ ಮಾಸ್ಟರು, ಒಲೆಗೆ ದೀಪಕ್ಕೆ ಗೀರಿ ಬಿಸಾಡಿದ ಕಡ್ಡಿಗಳನ್ನು ಆಯ್ದು, ಆರು ವರ್ಷ ಕೂತು, ಒಂದು ಎಂಜಿನ್ನು ಮತ್ತು ಐದು ಬೋಗಿಗಳ ರೈಲನ್ನು ಕಟ್ಟಿರುತ್ತಾರೆ. ಆಮೇಲೆ ಅವರ ಕಣ್ಣಿಗೆ ಪೊರೆ ಬಂದಿರುತ್ತದೆ. ಕಾರಣ, ಇನ್ನೊಂದು ರೈಲು ಆಗುವಂತಿಲ್ಲ. ಈಗ ದಿನಾ ಸಂಜೆ ಅದನ್ನು ಬೆರಳಿನಲ್ಲೇ ನೋಡುತ್ತಾರೆ.

2. ದಸರೆಯಲ್ಲಿ ಈ ರೈಲು ಗೊಂಬೆ ಕೂರಿಸಿದ ಮೆಟ್ಟಿಲುಗಳ ಮುಂದೆ ನಿಲ್ಲುತ್ತದೆ. ಗೊಂಬೆ ನೋಡಲು ಬ್ಲಾಕಿಗೆ ಬ್ಲಾಕೇ ಬರುವುದರಿಂದ ಅರ್ಜಿದಾರಳು ಒಂಬತ್ತು ದಿನವೂ ಕಾವಲಿರುತ್ತಾಳೆ. ಹೋದ ವರ್ಷ, ಮಾವನವರು ಮೈಸೂರಿನ ಮಗಳ ಮನೆಗೆ ಹೋಗಿದ್ದಾಗ, ಅರ್ಜಿದಾರಳು ಕುಂಕುಮದ ಬಟ್ಟಲು ತರಲು ಒಳಗೆ ಹೋದಳು. ಬರುವಾಗ ಎದುರುಮನೆಯ ಮಂಗಮ್ಮನವರು ರೈಲಿನ ಕಡೆ ಬಗ್ಗಿದ್ದು ಕಂಡಿತು. "ಅಯ್ಯೋ, ಮುಟ್ಟಬೇಡಿ!" ಎಂದು ಓಡಿದಳು. ಅವಳ ಸೆರಗೇ ಎಂಜಿನ್ನಿಗೆ ಸಿಕ್ಕಿ, ಮೂರನೇ ಬೋಗಿ ಅವಳ ಕಾಲಡಿಯಲ್ಲೇ ಪುಡಿಯಾಯಿತು. "ನಾನು ಕೈ ಕಟ್ಕೊಂಡೇ ನಿಂತಿದ್ದೆ ಕಣ್ರೀ. ತುಳಿದಿದ್ದು ನೀವೇ," ಎಂದು ಮಂಗಮ್ಮನವರು ಹೇಳಿದ್ದು ನಿಜ.

3. ಮಾವನವರು ದೀಪಾವಳಿಗೆ ವಾಪಸಾಗುವವರೆಗಿನ ಇಪ್ಪತ್ತು ಮಧ್ಯಾಹ್ನಗಳಲ್ಲಿ ಅರ್ಜಿದಾರಳು ಹೊಸ ಬೋಗಿ ಕಟ್ಟಿದಳು. ಗೀರಿದ ಕಡ್ಡಿ ಸಾಲದ ಕಾರಣ ಹೊಸ ಕಡ್ಡಿಗಳನ್ನೇ ಗೀರಿ ಗೀರಿ ಆರಿಸಬೇಕಾಯಿತು. "ಒಂದು ಕಾಫಿಗೆ ಎಷ್ಟು ಬೆಂಕಿಪೊಟ್ಟಣ ಬೇಕೇ ನಿಂಗೆ?" ಎಂದು ಪತಿ ಸೇತುರಾಮರು ಕೇಳಿದ್ದಕ್ಕೆ, ಸೌದೆ ಹಸಿ ಎಂದು ಸುಳ್ಳು ಹೇಳಲಾಗಿದೆ. ಮಾವನವರಿಗಂತೂ ಇದುವರೆಗೆ ಏನನ್ನೂ ತಿಳಿಸಿರುವುದಿಲ್ಲ.

4. ಈ ವರ್ಷದ ದಸರೆ ಹೇಗೋ ಕಳೆಯಿತು. ಮುಂದಿನದನ್ನು ನೆನೆದು ಈಗಲೇ ಎದೆ ಹೊಡೆದುಕೊಳ್ಳುವ ಕಾರಣ ವಿಮೆಗೆ ಬರೆಯಲಾಯಿತು. ಶ್ರೀ ಏಕಾಂತಯ್ಯನವರು ಬಂದು, ಭೂತಗನ್ನಡಿ ಹಿಡಿದು ಒಂದು ಗಂಟೆ ನೋಡಿ, ವರದಿಯ ನಾಲ್ಕನೇ ಅಂಶದಲ್ಲಿ "ಮೂರನೇ ಬೋಗಿ ಬೇರೆಯವರ ಕೈಕೆಲಸ. ಉಳಿದವಕ್ಕಿಂತ ನಯ. ಆದ್ದರಿಂದ ಬೆಲೆ ಒಂದೂವರೆ ಪಟ್ಟು" ಎಂದು ಬರೆದಿರುತ್ತಾರೆ. ಮಾವನವರಿಗೆ ಟಪಾಲು ಓದಿ ಹೇಳುವವಳು ಅರ್ಜಿದಾರಳೇ. ಮುರಿದದ್ದನ್ನಾದರೂ ಒಂದು ದಿನ ಹೇಳಿಬಿಡಬಹುದು. ಅವರ ಆರು ವರ್ಷಕ್ಕಿಂತ ಸೊಸೆಯ ಇಪ್ಪತ್ತು ಮಧ್ಯಾಹ್ನ ಮೇಲು ಎಂಬುದನ್ನು ಯಾವ ಬಾಯಲ್ಲಿ ಓದುವುದು? ಆದ್ದರಿಂದ ಸದರಿ ಅಂಶವನ್ನು ತೆಗೆದು, ಬೋಗಿಯ ಬೆಲೆಯನ್ನು ತಗ್ಗಿಸಿ

5. ಮೇಲಿನ ವಾಕ್ಯ ಮುಗಿಯುವ ಮೊದಲೇ ಮಾವನವರು ಬಂದು ಪಕ್ಕದಲ್ಲಿ ಕೂತರು. "ಟಪಾಲು ಬಂತಲ್ಲ, ಓದಮ್ಮ." ಅರ್ಜಿದಾರಳು ವರದಿಯ ಮೂರನೇ ಅಂಶ ಓದಿ ಐದಕ್ಕೆ ಹೋದಳು.

"ನಾಲ್ಕೆಲ್ಲಿ?"

"ಅಂಥದ್ದೇನಿಲ್ಲ, ಮಾವ."

"ನಿಲ್ಲದೆ ಹೋಗೋ ಗಾಡಿ ಬೇಕಾದಷ್ಟು ನೋಡಿದೀನಿ. ಸ್ಟೇಷನ್ನೇ ಮಾಯವಾಗಿದ್ದು ನೋಡಿಲ್ಲ. ಓದು."

ಓದಲಾಯಿತು.

ಮಾವನವರು ಎದ್ದು ರೈಲಿನ ಹತ್ತಿರ ಹೋಗಿ, ತಡವಿ, ಮೂರನೇ ಬೋಗಿಯ ಬಾಗಿಲನ್ನು ಉಗುರಿನಿಂದ ತೆರೆದರು. ಮುಚ್ಚಿದರು. ಮತ್ತೆ ತೆರೆದರು.

"ನಾನು ಮಾಡಿದ್ದರಲ್ಲಿ ಒಂದು ಬಾಗಿಲೂ ತೆರೆಯಲ್ಲ. ಇದು ತೆರೆಯುತ್ತೆ. ದೀಪಾವಳಿಗೆ ಬಂದ ದಿನಾನೇ ಗೊತ್ತಾಯ್ತು. ನೀನಾಗೇ ಹೇಳ್ತೀಯ ಅಂತ ಸುಮ್ಮನಿದ್ದೆ." ಪಕ್ಕದ ಬೋಗಿಯನ್ನು ತಡವಿ, "ಮಿಕ್ಕ ನಾಲ್ಕು ಬೋಗಿಯೋರು ಹೇಗಮ್ಮ ಇಳೀಬೇಕು?" ಎಂದರು.

ಕಾರಣ, ಅರ್ಜಿದಾರಳು ಮೇಲಿನ ಕೋರಿಕೆಯನ್ನು ಹಿಂತೆಗೆದುಕೊಂಡಿದ್ದಾಳೆ. ನಾಲ್ಕನೇ ಅಂಶ ಹಾಗೆಯೇ ಇರಲಿ. ವರದಿಯಲ್ಲಿ "ತಯಾರಿಸಿದವರು" ಎಂಬಲ್ಲಿ ಎರಡು ಹೆಸರು ಬರೆಯಬೇಕು. "ಅಪಾಯದ ಮೂಲ" ಎಂಬಲ್ಲಿ "ಮಕ್ಕಳು" ಎಂದಿರುವುದನ್ನು ಹೊಡೆದು "ಅರ್ಜಿದಾರಳ ಸೆರಗು" ಎಂದು ತಿದ್ದಬೇಕು.

ಸೆರಗು ಸಿಕ್ಕಿಸಿಕೊಂಡು ಬರೆದಿರುವ,
ತಮ್ಮ ವಿಶ್ವಾಸಿ,
ವಾರಿಜಾ ಸೇತುರಾಮ

ಅಡಕ:
1. ಹಳೆಯ ಮೂರನೇ ಬೋಗಿ, ಪುಡಿಯ ರೂಪದಲ್ಲಿ, ಲಕೋಟೆಯೊಳಗೆ.
2. ಕೈ ಕಟ್ಟಿಕೊಂಡು ನಿಂತಿದ್ದ ಬಗ್ಗೆ ಮಂಗಮ್ಮನವರ ಸಹಿ ಮಾಡಿದ ಹೇಳಿಕೆ.

ವಿ.ಸೂ.: ನಾಲ್ಕು ಬೋಗಿಗಳಿಗೆ ಬಾಗಿಲು ಆಗಬೇಕಾಗಿದ್ದು, ಪತಿಯವರು ಈಗ ಬೆಂಕಿಪೊಟ್ಟಣ ಎಣಿಸಿ ಕೊಡುತ್ತಿರುವುದರಿಂದ, ತಮ್ಮ ಕಚೇರಿಯಲ್ಲಿ ಸಿಗರೇಟು ಸೇದುವವರಿದ್ದಲ್ಲಿ, ಗೀರಿದ ಕಡ್ಡಿಗಳನ್ನು ಬಿಸಾಡದೆ ತೆಗೆದಿಡಿಸಬೇಕಾಗಿ ಕೋರಿದೆ.