ನೀರುಗಂಟಿಯ ಮನೆಯ ಬಂಗಾರ

ದಾಳಿಂಬೆ ಹಣ್ಣಿನ ನಾಲ್ಕು ಕಾಳಿನಿಂದ ಇಷ್ಟೆಲ್ಲ ಆಯಿತು ಎಂದರೆ ಯಾರೂ ನಂಬುವುದಿಲ್ಲ. ಆದರೆ ಆದದ್ದು ಹಾಗೆಯೇ.

ಪಾಂಡವಪುರದ ಪಕ್ಕದ ಮೂಡ್ಲಕೊಪ್ಪಲಿಗೆ ನಿಂಗರಾಜು ನೀರುಗಂಟಿ. ಹಿಂದಿನ ನೀರುಗಂಟಿಗಳು ಕೆರೆ ತೂಬು ಕಾಯುತ್ತಿದ್ದರು. ಇವನು ಓವರ್‌ಹೆಡ್ ಟ್ಯಾಂಕಿನ ಬುಡದ ವಾಲ್ವು ತಿರುಗಿಸಿ ಮನೆಮನೆಗೆ ನಲ್ಲಿ ನೀರು ಬಿಡುತ್ತಾನೆ. ಊರಿನ ಹೆಂಗಸರೆಲ್ಲ ಬೆಳಗಾದರೆ ಇವನ ದಾರಿ ಕಾಯುವವರೇ. ಸ್ವಂತ ಹೆಂಡತಿ ಒಬ್ಬಳನ್ನು ಬಿಟ್ಟು.

ರಂಜಿತಳ ಗಮನವೆಲ್ಲ ಆರು ತಿಂಗಳಿಂದ ಒಂದು ಹಕ್ಕಿಯ ಮೇಲಿತ್ತು. ಮೈಸೂರಿನಲ್ಲಿ ಮೀನು, ಸಾಕುಹಕ್ಕಿಗಳ ಅಂಗಡಿ ಇಟ್ಟಿರುವ ಅವಳ ತಮ್ಮ ಗಿರೀಶ, "ಅಕ್ಕ ಮನೇಲಿ ಒಬ್ಳೇ ಇರ್ತಾಳೆ" ಎಂದು ಪುಟ್ಟ ಜಾತಿಯ ಮಕಾವ್ ಎಂಬ ಪರದೇಶದ ಗಿಣಿಯೊಂದನ್ನು ತಂದುಕೊಟ್ಟಿದ್ದ. ಭತ್ತದ ಪೈರಿನಂಥ ಹಸಿರು ಮೈ, ರೆಕ್ಕೆಯಡಿಯಲ್ಲಿ ಕೆಂಪು, ಕಣ್ಣಿನ ಸುತ್ತ ಸುಣ್ಣ ಬಳಿದಂಥ ಬಿಳಿ ತೊಗಲು. ಅಕ್ಕ ಒಬ್ಬಳೇ ಇರುತ್ತಾಳೆ ಎಂದ ಮೇಲೆ ಈ ಮನೆಯಲ್ಲಿ ತಾನು ಯಾರು ಎಂಬ ಪ್ರಶ್ನೆ ನಿಂಗರಾಜುವನ್ನು ಅಂದೇ ಚುಚ್ಚಿತ್ತು.

ರಂಜಿತ ಅದಕ್ಕೆ ಬಂಗಾರ ಎಂದು ಹೆಸರಿಟ್ಟಳು. ಮದುವೆಯಾದ ಹೊಸದರಲ್ಲಿ ಅವಳು ಗಂಡನನ್ನು ಕರೆಯುತ್ತಿದ್ದದ್ದೂ ಹಾಗೆಯೇ. "ಬಂಗಾರ, ಊಟ ಮಾಡಾನ ಬಾ" ಎಂದು ಅಡುಗೆಮನೆಯಿಂದ ಕೇಳಿದಾಗ ನಿಂಗರಾಜು ಹಳೆಯ ಅಭ್ಯಾಸದಿಂದ ಕೈತೊಳೆದು ಹೋಗಿ ನಿಲ್ಲುತ್ತಿದ್ದ. ಒಂದೆರಡು ಸಲ ಮುಖಭಂಗವಾದ ಮೇಲೆ ಹೋಗುವುದನ್ನು ಬಿಟ್ಟ.

ಅದಕ್ಕೆ ನಡೆಯುತ್ತಿದ್ದ ಉಪಚಾರವಾದರೂ ಎಂಥದ್ದು! ಬೆಳಿಗ್ಗೆ ಎಳೆಬಿಸಿಲು ಕಾಯಿಸಬೇಕು. ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿ ಸ್ನಾನ ಮಾಡಿಸಬೇಕು. ಉಪ್ಪು ಹಾಕದೆ ಬೇಯಿಸಿದ ಮುಸುಕಿನ ಜೋಳ, ಸೀಬೆಹಣ್ಣು, ನುಗ್ಗೆಸೊಪ್ಪು; ಕಚ್ಚಿ ಆಡುವುದಕ್ಕೆ ಬೇವಿನ ಕಡ್ಡಿ. ಒಗ್ಗರಣೆಯ ಹೊಗೆ ಅದಕ್ಕೆ ಆಗುವುದಿಲ್ಲವೆಂದು ಮನೆಯ ಸಾರು ಒಗ್ಗರಣೆಯ ಮುಖ ನೋಡಿ ಎಷ್ಟೋ ಕಾಲವಾಗಿತ್ತು. ಸಂಜೆ ಪಂಜರಕ್ಕೆ ಬಟ್ಟೆ ಹೊದಿಸಿದ ಮೇಲೆ, "ಬಂಗಾರ ಮಲ್ಗದೆ, ಮೆತ್ತುಗೆ ಕೆಮ್ಮಿ" ಎಂದು ಗಂಡನಿಗೆ ಅಪ್ಪಣೆಯಾಗುತ್ತಿತ್ತು. ಅವನಿಗೆ ಕೆಮ್ಮು ಬಂದು ವಾರವಾಗಿದ್ದರೂ ಒಂದು ಲೋಟ ಕಷಾಯ ಕಾಯಿಸಿರಲಿಲ್ಲ. ಬೇರೆ ಗಂಡಸರು ಪಕ್ಕದವನ ಟ್ರಾಕ್ಟರು ನೋಡಿ ಹೊಟ್ಟೆ ಉರಿದುಕೊಂಡರೆ ಇವನು ಗೇಣುದ್ದದ ಹಕ್ಕಿಯನ್ನು ನೋಡಿ ಉರಿದುಕೊಳ್ಳುತ್ತಿದ್ದ. ಹೊಟ್ಟೆಕಿಚ್ಚಿಗೆ ಅಳತೆ ಗೊತ್ತಿಲ್ಲ ನೋಡಿ.

ಆ ದಿನ ರಂಜಿತ ತವರೂರು ಬೂಕನಕೆರೆಗೆ ಹೊರಟಿದ್ದಳು. ಚಿಕ್ಕಪ್ಪನ ಮಗಳ ಬೀಗರ ಊಟ. ಹೊರಡುವ ಮೊದಲು ಹಕ್ಕಿಗೆಂದು ದಾಳಿಂಬೆ ಬಿಡಿಸುತ್ತಿದ್ದಳು. ನಿಂಗರಾಜು ಬಟ್ಟಲಿಗೆ ಕೈಹಾಕಿ ನಾಲ್ಕು ಕಾಳು ತೆಗೆದ. ರಂಜಿತ ಕೈಗೆ ಫಟ್ಟನೆ ಹೊಡೆದಳು.

"ಅದು ಬಂಗಾರಂದು. ನಿಮ್ಗೆ ತಂಗ್ಳು ಮುದ್ದೆ ಅದೆ, ಮಜ್ಗೆ ಬುಟ್ಕಂಡು ಉಣ್ಣಿ."

"ಗಂಡ್ನಿಗೆ ತಂಗ್ಳು, ಗಿಣಿಗೆ ದಾಳಿಂಬೆ."

"ಗಿಣಿ ಅನ್ಬೇಡಿ, ಮಕಾವ್ ಅನ್ನಿ. ಇಲ್ ಕೇಳಿ, ಅದು ನನ್ ಕೈಲಿ ಬುಟ್ರೆ ಇನ್ಯಾರ್ ಕೈಲೂ ತಿನ್ನಾಕಿಲ್ಲ. ಅದೇನ್ ಮಾಡ್ತೀರೋ ಮಾಡಿ, ತಿನ್ಸಿ. ಸಾಯಂಕಾಲ ಬಂದಾಗ ಅದು ಹಸ್ಕಂಡು ಕೂತಿದ್ರೆ ಎತ್ಕಂಡು ಬೂಕನಕೆರೆಗೇ ಒಂಟೋಯ್ತೀನಿ. ನೀವು ನಿಮ್ ಟ್ಯಾಂಕ್ ಜೊತೇಲಿ ಸಂಸಾರ ಮಾಡ್ಕಳಿ."

ಹಕ್ಕಿಯ ನೆತ್ತಿಗೆ ಮುತ್ತಿಟ್ಟಳು. ಗಂಡನಿಗೆ "ಬಾಗ್ಲು ಭದ್ರ" ಎಂದಳು. ಬಸ್ಸಿಗೆ ಹೋದಳು.

ನಿಂಗರಾಜು ಪಂಜರದ ಮುಂದೆ ಕುಕ್ಕರುಗಾಲಲ್ಲಿ ಕೂತು ಯೋಚಿಸಿದ. ಇವಳು ಹೇಳಿದ್ದನ್ನು ಮಾಡುವ ಪೈಕಿ. ಆದರೆ ಇದಕ್ಕೆ ಹೊಟ್ಟೆ ತುಂಬ ತಿನ್ನಿಸಿ ತೋರಿಸಿದರೆ? ಹಕ್ಕಿಯನ್ನು ನೋಡುವ ಹಾಗೆ ತನ್ನನ್ನೂ ಒಂದು ಸಲ ಪ್ರೀತಿಯಿಂದ ನೋಡದೆ ಇರುತ್ತಾಳೆಯೇ? ಆಸೆ ಹುಟ್ಟಿತು. ಒಂದು ದಾಳಿಂಬೆ ಕಾಳನ್ನು ಬೆರಳಲ್ಲಿ ಹಿಡಿದು ಪಂಜರದೊಳಗೆ ಕೈ ತೂರಿಸಿದ. ಬಂಗಾರ ಕಾಳು ಬಿಟ್ಟು ಬೆರಳು ಹಿಡಿಯಿತು. ಅಡಿಕೆ ಕತ್ತರಿಯಲ್ಲಿ ಸಿಕ್ಕಿದ ಹಾಗಾಯಿತು.

ಕೈ ಬಿಡಿಸಿಕೊಂಡದ್ದೇ ತಡ, ಹಕ್ಕಿ ಕಿರುಚಲು ಶುರುಮಾಡಿತು. ಅಷ್ಟು ಸಣ್ಣ ಮೈಯಲ್ಲಿ ಅಷ್ಟು ದೊಡ್ಡ ಗಂಟಲನ್ನು ದೇವರು ಹೇಗೆ ಮಡಚಿಟ್ಟನೋ. ಜೋಳ ಕೊಟ್ಟ, ಕೆಳಗೆ ಚೆಲ್ಲಿತು. ಸೀಬೆ ಕೊಟ್ಟ, ಬೆನ್ನು ತಿರುಗಿಸಿತು. ಫೋನಿನಲ್ಲಿದ್ದ ರಂಜಿತಳ ಫೋಟೊ ತೋರಿಸಿದ, ಇನ್ನೂ ಜೋರಾಗಿ ಅತ್ತಿತು. ಈ ಗಡಿಬಿಡಿಯಲ್ಲಿ ನೀರು ಬಿಡುವ ಹೊತ್ತು ಮೀರಿದ್ದು ಅವನಿಗೆ ತಿಳಿಯಲೇ ಇಲ್ಲ. ತಿಳಿಸಲು ಪಕ್ಕದ ಮನೆಯ ಚಿಕ್ಕಬೋರಮ್ಮಜ್ಜಿ ಖಾಲಿ ಬಿಂದಿಗೆ ಹಿಡಿದು ಬಂದಳು. ಅವಳ ಹಿಂದೆ ಬೀದಿಯ ಹೆಂಗಸರೆಲ್ಲ ಇದ್ದರು.

"ಯಾಕ್ಲಾ ನಿಂಗ, ನೀರು ಬುಡ್ಲಿಲ್ಲ?"

"ಗಿಣಿ ತಿಂತಿಲ್ಲ ಕಣಜ್ಜಿ."

"ಗಿಣಿ ತಿನ್ನಾಕಿಲ್ಲ ಅಂದ್ರೆ ಊರು ನೀರು ಕುಡೀಬಾರ್ದಾ?" ಎಂದ ಅಜ್ಜಿ ಪಂಜರಕ್ಕೆ ಕಣ್ಣಿಟ್ಟು ನೋಡಿ, "ದಿಷ್ಟಿಯಾಗದೆ ಕಣ್ಲಾ. ನಾಕು ಮೆಣ್ಸಿನ್‌ಕಾಯಿ ನಿವಾಳ್ಸಿ ಒಲೆಗಾಕ್ತೀನಿ ತತ್ತಾ" ಎಂದಳು.

"ಒಗೆ ಅದ್ಕೆ ಆಗಾಕಿಲ್ಲ ಅಜ್ಜಿ, ಸತ್ತೋಯ್ತದೆ. ಅದ್ ಸತ್ರೆ ರಂಜಿತ ನನ್ನ ಬುಟ್ಟೋಯ್ತಾಳೆ."

ಅಷ್ಟು ಹೊತ್ತಿಗೆ ಡೇರಿಗೆ ಹಾಲು ಹಾಕಿ ಬಂದ ಎದುರುಮನೆಯ ಹುಚ್ಚಣ್ಣ ಖಾಲಿ ಕ್ಯಾನು ಕೆಳಗಿಟ್ಟು ಮುಂದೆ ಬಂದ. ಕೇಳದಿದ್ದರೂ ಸಲಹೆ ಕೊಡುವ ಒಳ್ಳೆಯ ಮನಸ್ಸು ಅವನದು.

"ಇದೇನ್ ದೊಡ್ ವಿಸ್ಯಾನೇನ್ಲಾ? ನಮ್ ಸೀಮೆ ಹಸ ನನ್ ಹೆಂಡ್ರು ಪುಟ್ಟಲಕ್ಷ್ಮಿ ಬುಟ್ರೆ ಬೇರೆಯೋರ್ಗೆ ಕೆಚ್ಚಲು ಮುಟ್ಟಾಕೆ ಬುಡಾಕಿಲ್ಲ. ಅವ್ಳು ಊರಿಗೋದಾಗ ನಾನೇನ್ ಮಾಡ್ತೀನಿ? ಅವ್ಳ ಸೀರೆ ಸುತ್ಕಂಡು ಕೂತ್ಕತೀನಿ. ಕಮಕ್ ಕಿಮಕ್ ಅನ್ದೆ ಕರಸ್ಕತದೆ. ಹಸ್ವೇ ಒಪ್ಕಂಡ್ಮೇಲೆ ಗಿಣಿ ಯಾವ್ ಲೆಕ್ಕ?"

ಹಾಲು ಕರೆಯುವ ಊರಿನಲ್ಲಿ ಈ ಮಾತನ್ನು ಯಾರೂ ತಳ್ಳಿಹಾಕುವಂತಿಲ್ಲ. ಹೆಂಗಸರೂ ತಲೆಯಾಡಿಸಿದರು. ನಿಂಗರಾಜುವಿಗೆ ಸೀರೆ ಉಡಲು ಬಾರದು. ಹಗ್ಗದ ಮೇಲಿದ್ದ ರಂಜಿತಳ ನೈಟಿ ತೊಟ್ಟ. ಹೆಗಲಿಗೆ ಅವಳ ಹಾಗೆಯೇ ಟವೆಲ್ಲು ಹೊದ್ದ. ಅವಳ ಎಣ್ಣೆ ತಲೆಗೆ, ಅವಳ ಪೌಡರು ಮುಖಕ್ಕೆ. ನೈಟಿ ಮೊಣಕಾಲ ಕೆಳಗೆ ಸ್ವಲ್ಪ ದೂರ ಬಂದು ನಿಂತಿತು.

ಪಂಜರದ ಮುಂದೆ ಹೋದ. ಕಿರುಚಾಟ ನಿಂತಿತು. ಬಂಗಾರ ಕತ್ತು ಓರೆ ಮಾಡಿ ಮೊದಲು ಬಲಗಣ್ಣಿನಲ್ಲಿ, ಆಮೇಲೆ ಎಡಗಣ್ಣಿನಲ್ಲಿ ಪರೀಕ್ಷಿಸಿತು. ಪಂಜರದ ಬಾಗಿಲು ತೆಗೆದದ್ದೇ ಕೊಕ್ಕಿನಿಂದ ನೈಟಿ ಹಿಡಿದು ಒಂದೊಂದೇ ಹೆಜ್ಜೆ ಮೇಲೇರಿ ಹೆಗಲ ಮೇಲೆ ಕೂತು ಬಾಯಿ ತೆರೆಯಿತು. ನಿಂಗರಾಜು ದಾಳಿಂಬೆ ಕಾಳು ಕೊಟ್ಟ, ತಿಂದಿತು. ಜೋಳ ಕೊಟ್ಟ, ತಿಂದಿತು. ಸಣ್ಣ ಬೆಚ್ಚನೆಯ ಪಾದಗಳು ಹೆಗಲನ್ನು ಹಿಡಿದುಕೊಂಡದ್ದು ಅವನಿಗೆ ಒಂಥರಾ ಹಿತವಾಯಿತು. ಹಾಗಾಯಿತೆಂದು ತನ್ನ ಮೇಲೆ ತನಗೇ ಸಿಟ್ಟೂ ಬಂತು.

"ಈಗ ನೀರು ಬುಡು" ಎಂದಳು ಚಿಕ್ಕಬೋರಮ್ಮಜ್ಜಿ.

ನೈಟಿ ಕಳಚಲು ಹೋದರೆ ಹಕ್ಕಿ ಕಿರುಚಿತು. ಹೆಂಗಸರು ಅದಕ್ಕಿಂತ ಜೋರಾಗಿ ಕಿರುಚಿದರು. ಬೇರೆ ದಾರಿಯಿಲ್ಲದೆ ನಿಂಗರಾಜು ಹೇಗಿದ್ದನೋ ಹಾಗೆಯೇ ಹೊರಟ. ಮುಂದೆ ನೈಟಿಯಲ್ಲಿ ಅವನು, ಹೆಗಲ ಮೇಲೆ ಹಕ್ಕಿ, ಹಿಂದೆ ಬಿಂದಿಗೆಗಳ ಸಾಲು. ಡೇರಿಯ ಮುಂದೆ ಕಾರ್ಯದರ್ಶಿ ದೇವಯ್ಯ ಕನ್ನಡಕ ಮೇಲೆತ್ತಿ, "ಯಾರ್ ಮನೆ ನೆಂಟ್ರವ್ವ ನೀವು?" ಎಂದು ಮರ್ಯಾದೆಯಿಂದ ಕೇಳಿದರು. ಡೇರಿಯಲ್ಲಿದ್ದವರ ಫೋನುಗಳೆಲ್ಲ ಜೇಬಿನಿಂದ ಹೊರಗೆ ಬಂದವು.

ಟ್ಯಾಂಕಿನ ಹತ್ತಿರ ಕಾಗೆಗಳಿದ್ದವು. ಊರಲ್ಲಿ ಕಾಣದ ಬಣ್ಣದ ಹಕ್ಕಿಯನ್ನು ಕಂಡು ಒಟ್ಟಿಗೆ ಮೇಲೆರಗಿದವು. ಬಂಗಾರ ಬೆದರಿ ಹಾರಿ ಟ್ಯಾಂಕಿನ ನೆತ್ತಿಯ ಮೇಲೆ ಹೋಗಿ ಕೂತಿತು.

ಬೂಕನಕೆರೆಯ ಬಸ್ಸಿನಲ್ಲಿ ರಂಜಿತ ಪೆಟ್ಟಿಗೆ ಸಮೇತ ಕೂತಿರುವುದು ನಿಂಗರಾಜುವಿನ ಕಣ್ಣಿಗೆ ಕಟ್ಟಿತು. ಎತ್ತರವೆಂದರೆ ತಲೆ ಸುತ್ತುವವನು ಏಣಿಗೆ ಕಾಲಿಟ್ಟ. ಅಜ್ಜಿ ನೈಟಿಯ ಅಂಚು ಹಿಡಿದೆಳೆದಳು.

"ಮೊದ್ಲು ನೀರು ಬುಟ್ಟು ಆಮ್ಯಾಕೆ ಹತ್ತಪ್ಪ. ಮ್ಯಾಲಿಂದ ಬಿದ್ಗಿದ್ರೆ ನಾವ್ ಯಾರ್ನ ಕೇಳಾನ?"

ವಾಲ್ವು ತಿರುಗಿಸಿ ಹತ್ತಿದ. ಅರ್ಧ ದಾರಿಯಲ್ಲಿ ನೈಟಿ ಏಣಿಯ ಕಬ್ಬಿಣಕ್ಕೆ ಸಿಕ್ಕಿ ಸೊಂಟದವರೆಗೆ ಹರಿಯಿತು. ಕೆಳಗಿನವರು ಮುಖ ತಿರುಗಿಸಿದರು, ಫೋನುಗಳು ತಿರುಗಲಿಲ್ಲ. ಮೇಲೆ ಬಂಗಾರ ಮೂಲೆಗೊತ್ತಿ ನಡುಗುತ್ತಿತ್ತು. ನಿಂಗರಾಜು ಟವೆಲ್ಲು ಬೀಸಿ ಕಾಗೆಗಳನ್ನು ಓಡಿಸಿದ. ಆರು ತಿಂಗಳಿಂದ ಬಾಯಿಗೆ ಬಾರದಿದ್ದ ಮಾತು ಆಗ ತಾನಾಗಿ ಬಂತು.

"ಬಂಗಾರ, ಬಾರೋ."

ಹಕ್ಕಿ ಓಡಿಬಂದು ಅವನ ಟವೆಲ್ಲಿನೊಳಗೆ ಹುದುಗಿತು. ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಂಡು ಅವನ ಕಿವಿಗೆ ಕೊಕ್ಕು ಉಜ್ಜಿತು. ಕತ್ತನ್ನು ಮೇಲೆ ಕೆಳಗೆ ಆಡಿಸಿ, ತಿಂದಿದ್ದ ದಾಳಿಂಬೆ ಜೋಳವನ್ನೆಲ್ಲ ಅವನ ಕೊರಳ ಮೇಲೆ ಕಕ್ಕಿತು. ಹೆದರಿಕೆಗೆ ವಾಂತಿಯಾಯಿತು ಪಾಪ ಎಂದು ಅವನು ಒರೆಸಿಕೊಂಡು ಜೋಪಾನವಾಗಿ ಇಳಿದ.

ಮಧ್ಯಾಹ್ನವೆಲ್ಲ ಹಕ್ಕಿ ಅವನ ಹೆಗಲು ಬಿಡಲಿಲ್ಲ. ಹರಿದ ನೈಟಿ ತೆಗೆದು ಲುಂಗಿ ಉಟ್ಟು ಅಂಗಿ ತೊಟ್ಟ ಮೇಲೂ ಬಿಡಲಿಲ್ಲ. ಆಗಾಗ ಕತ್ತು ಆಡಿಸುತ್ತಿತ್ತು, ಕಕ್ಕುತ್ತಿತ್ತು. ಇವನು ಒರೆಸಿಕೊಳ್ಳುತ್ತಿದ್ದ, ಮತ್ತೆ ತಿನ್ನಿಸುತ್ತಿದ್ದ. ಗೆದ್ದೆ ಎಂದುಕೊಂಡ.

ನಿಜಕ್ಕೂ ಗೆದ್ದಿದ್ದ. ಸಂಜೆ ಗಿರೀಶನ ಬೈಕಿನಿಂದ ಇಳಿದ ರಂಜಿತಳ ಕಣ್ಣು ಒದ್ದೆಯಾಗಿತ್ತು. ವೀಡಿಯೊ ಬೀಗರ ಊಟದ ಎರಡನೇ ಪಂಕ್ತಿಯ ಹೊತ್ತಿಗೇ ಬೂಕನಕೆರೆ ಮುಟ್ಟಿತ್ತು.

"ಎಲ್ರೂ ಎಲೆ ಮುಂದೆ ಕೂತ್ಕಂಡ್ ನಗ್ತಿದ್ರು. ನಂಗೆ ಮಾತ್ರ ಅಳು ಬಂತು" ಎಂದಳು. "ಎತ್ರ ಅಂದ್ರೆ ತಲೆ ಸುತ್ತೋರು, ನನ್ ಬಂಗಾರಕ್ಕೋಸ್ಕರ ಟ್ಯಾಂಕ್ ಹತ್ತುದ್ರಲ್ಲ. ನಾನೇ ನಿಮ್ನ ಸರ್ಯಾಗಿ ನೋಡ್ಕಳ್ನಿಲ್ಲ ಕಣ್ರೀ. ಕೆಮ್ಮು ಎಂಗದೆ? ಕಷಾಯ ಮಾಡ್ಕೊಡ್ಲಾ?"

ಹೀಗೆ ಅವಳು ನೋಡಿ ಎಷ್ಟು ಕಾಲವಾಗಿತ್ತು. ನಿಂಗರಾಜುವಿನ ಹೊಟ್ಟೆಯಲ್ಲಿದ್ದ ಕಿಚ್ಚೆಲ್ಲ ಆರಿ ತಣ್ಣಗಾಯಿತು. ರಂಜಿತ ಹತ್ತಿರ ಬಂದು ಅವನ ತೋಳಿನ ಮೇಲೆ ಕೈಯಿಟ್ಟಳು.

ಬಂಗಾರ ಗರಿ ಕೆದರಿ ಎಗರಿ ಅವಳ ಬೆರಳು ಕಚ್ಚಿತು.

"ಅಮ್ಮಾ" ಎಂದು ಹಿಂದೆ ಸರಿದಳು. "ಯಾಕೋ ಬಂಗಾರ, ನಾನು ಕಣೋ." ಇನ್ನೊಂದು ಹೆಜ್ಜೆ ಮುಂದಿಟ್ಟಳು. ಇನ್ನೊಂದು ಬೆರಳು ಹೋಯಿತು. ದೂರ ನಿಂತರೆ ಸುಮ್ಮನಿರುತ್ತಿತ್ತು. ಗಂಡನ ಹತ್ತಿರ ಬಂದರೆ ಸಾಕು, ಕತ್ತಿ ಹಿರಿದ ಹಾಗೆ ಕೊಕ್ಕು ತೆರೆಯುತ್ತಿತ್ತು. ನಿಂಗರಾಜು ಕೆಳಗಿಳಿಸಲು ನೋಡಿದ. ಅದು ಅವನ ಅಂಗಿಯ ಕಾಲರು ಕಚ್ಚಿ ಹಿಡಿಯಿತು.

ಗಿರೀಶ ಹೆಲ್ಮೆಟ್ಟು ತೆಗೆದು ಹತ್ತಿರದಿಂದ ನೋಡಿದ. "ಭಾವ, ಇದು ನಿಮ್ ಮೇಲೆ ಏನಾದ್ರೂ ಕಕ್ತಾ?"

"ಊಂ ಕಣಪ್ಪ. ಬೆಳಿಗ್ಗೆಯಿಂದ ಪಾಪ ಒಂದೇ ಸಮ ವಾಂತಿ. ಏನಾದ್ರೂ ಔಸ್ದಿ ಕೊಡ್ತೀಯ?"

ಗಿರೀಶ ಜಗಲಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. "ವಾಂತಿ ಅಲ್ಲ ಭಾವ. ಅದು ನಿಮ್ಗೆ ಉಣ್ಸ್ತಾ ಇರೋದು. ಪ್ರಾಯಕ್ಕೆ ಬಂದಾಗ ಈ ಜಾತಿ ಯಾರಾದ್ರೂ ಒಬ್ರನ್ನ ಜೋಡಿ ಅಂತ ಹಿಡ್ಕತದೆ. ನಿಮ್ನ ಹಿಡ್ಕಂಡದೆ. ಇನ್ಮೇಲೆ ನಿಮ್ ಹತ್ರ ಬೇರೆ ಯಾರ್ನೂ ಸೇರ್ಸಾಕಿಲ್ಲ."

"ಎಷ್ಟು ದಿನ?"

"ದಿನ ಅಲ್ಲ ಭಾವ. ಚೆಂದಾಗಿ ನೋಡ್ಕಂಡ್ರೆ ಮೂವತ್ತು ವರ್ಸ ಬದುಕ್ತದೆ."

ನಿಂಗರಾಜು ಹೆಂಡತಿಯ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು. ಆದರೆ ಆ ಪ್ರೀತಿಯ ನೋಟ ಎಲ್ಲಿ ಹೋಯಿತೋ. ಆರು ತಿಂಗಳು ಅವನು ಪಂಜರದ ಕಡೆ ಬೀರುತ್ತಿದ್ದ ನೋಟ ಈಗ ಅವಳ ಕಣ್ಣಿನಲ್ಲಿತ್ತು.

"ನಾನು ಕೈತುತ್ತು ಹಾಕಿ ಸಾಕ್ದೆ" ಎಂದಳು. "ಒಂದಿನ ಮನೆ ಬುಟ್ಟೋಗಿದ್ಕೆ, ನನ್ ನೈಟಿ ತೊಟ್ಕಂಡು, ನನ್ ಪೌಡ್ರು ಬಳ್ಕಂಡು, ನನ್ ಬಂಗಾರನ್ನ ಒಳಗಾಕ್ಕಬುಟ್ರಲ್ಲ. ಬೇಕೂ ಅಂತ್ಲೇ ಮಾಡಿದ್ದೀರ."

"ರಂಜಿತ, ನೀನೇ ಅಲ್ವಾ ತಿನ್ಸಿ ಅಂದಿದ್ದು?"

"ತಿನ್ಸಿ ಅಂದೆ. ಮದ್ವೆ ಮಾಡ್ಕಳಿ ಅಂದ್ನಾ?"

ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಗಳು ಬೇಕಾದ್ದಕ್ಕಿಂತ ಹೆಚ್ಚು ಸದ್ದು ಮಾಡಿದವು. ಸಾರಿಗೆ ಒಗ್ಗರಣೆ ಚುಂಯ್ ಎಂದು ಬಿದ್ದ ಘಮಲು ಜಗಲಿಗೆ ಬಂತು. ಅದು ಅವಳಿಗೆ ಮತ್ತು ತಮ್ಮನಿಗೆ. ನಿಂಗರಾಜು ಕೆಮ್ಮುತ್ತ ಕಾದ. ಕಡೆಗೊಮ್ಮೆ ಬಾಗಿಲಲ್ಲಿ ಕಾಣಿಸಿಕೊಂಡ ರಂಜಿತ, ತಂಗಳು ಮುದ್ದೆಯ ತಟ್ಟೆಯನ್ನು ಹೊಸ್ತಿಲಾಚೆಗೆ ಪೊರಕೆಯ ಹಿಡಿಯಿಂದ ತಳ್ಳಿದಳು.

"ಒಂದೇ ತಟ್ಟೆ ಸಾಕಲ್ಲ" ಎಂದು ಕದ ಹಾಕಿಕೊಳ್ಳುತ್ತ ಹೇಳಿದಳು. "ಒಬ್ಬರ್ಗೊಬ್ರು ಉಣ್ಸ್ಕಳಿ."